ಕೀಹೋಲ್ (ಸಣ್ಣ ತೂತಿನ) ಸ್ಪೈನ್ ಸರ್ಜರಿ ಮಾಡಿಸ್ಕೊಂಡೋರು ಇದ್ದೀರಾ? ಸೊಂಟನೋವು ನಿಜವಾಗ್ಲೂ ಹೋಗುತ್ತಾ?

ಬೆನ್ನೇರಿದ_ಬೇತಾಳ:
ಎಲ್ಲರಿಗೂ ನಮಸ್ಕಾರ. ಸೊಂಟನೋವು ನನಗೆ ಹೊಸದೇನಲ್ಲ, ವರ್ಷಗಟ್ಟಲೆಯಿಂದ ಇದೆ, ಕೂತು ಮಾಡೋ ಕೆಲಸ ಬೇರೆ. ಆಗಾಗ ಹಿಡ್ಕೊಳ್ಳುತ್ತೆ, ನಾಲ್ಕು ದಿನ ಬಗ್ಗಿಕೊಂಡು ಓಡಾಡ್ತೀನಿ, ತಾನಾಗೇ ಬಿಡುತ್ತೆ. ಆದ್ರೆ ಈ ಸಲದ್ದು ಬೇರೆ ತರ. ಎಡಗಡೆ ಅಂಡಿಂದ ಶುರುವಾಗಿ ತೊಡೆ ಹಿಂದೆ ಇಳಿದು, ಮೊಣಕಾಲ ಕೆಳಗೆ ಹೊರಬದಿಯಿಂದ ಪಾದದ ಮೇಲೆ ಹಾದು ಹೆಬ್ಬೆರಳವರೆಗೂ ಚಳಕು. ಸೀನು ಬರ್ತಿದೆ ಅಂತ ಗೊತ್ತಾದ್ರೆ ಮೊದಲು ಗೋಡೆ ಹಿಡ್ಕೋತೀನಿ, ಆಮೇಲೆ ಸೀನ್ತೀನಿ. ಸಾಕ್ಸ್ ಹಾಕ್ಕೊಳ್ಳೋದಂತೂ ಬಿಟ್ಟೇಬಿಟ್ಟಿದೀನಿ.

ಎಂಆರ್‌ಐ ಆಯ್ತು. ರಿಪೋರ್ಟಲ್ಲಿ ಎಲ್4-ಎಲ್5 (ಸೊಂಟದ ನಾಲ್ಕನೇ, ಐದನೇ ಮೂಳೆ ನಡುವಿನ ಮೆತ್ತೆ, ಅಂದ್ರೆ ಡಿಸ್ಕ್) ಎಡಗಡೆ ಪ್ಯಾರಾಸೆಂಟ್ರಲ್ ಪ್ರೊಟ್ರೂಶನ್, ಅಂದ್ರೆ ಮಧ್ಯದಿಂದ ಸ್ವಲ್ಪ ಪಕ್ಕಕ್ಕೆ ಹೊರಚಾಚಿದೆ, ಎಲ್5 ನರದ ಬೇರು ಒತ್ತಿದೆ ಅಂತ ಇದೆ, ಅದರ ಕೆಳಗಿನ ಎಲ್5-ಎಸ್1 ಡಿಸ್ಕ್ ಡಿಫ್ಯೂಸ್ ಬಲ್ಜ್ (ಸುತ್ತಲೂ ಉಬ್ಬಿದೆ), ಅದರ ಜೊತೆಗೆ ಡೆಸಿಕೇಶನ್, ಡಿಜೆನರೇಶನ್ ಅಂತ ಒಂದು ಪುಟ ಬೈಗುಳ. ಮೂರು ಡಾಕ್ಟರ್ ಮೂರು ಮಾತು. ಒಬ್ರು ಮೈಕ್ರೋ ಡಿಸೆಕ್ಟಮಿ (ಹೊರಬಂದ ಡಿಸ್ಕ್ ತುಂಡು ತೆಗೆಯೋ ಆಪರೇಷನ್) ಅಂದ್ರು, ಇನ್ನೊಬ್ರು ಎಂಡೋಸ್ಕೋಪಿ, ಸಣ್ಣ ತೂತು, ಮಾರನೇ ದಿನವೇ ಮನೆ ಅಂದ್ರು, ಮೂರನೇಯವರು ಏನೂ ಬೇಡ ಕಾಯಿ ಅಂದ್ರು. ಮನೇಲಿ ಎಲ್ರೂ ಒಂದೇ ರಾಗ, ಬೆನ್ನಿಗೆ ಕತ್ತಿ ಹಾಕಿಸ್ಕೊಂಡೋರು ಹಾಸಿಗೆ ಹಿಡೀತಾರೆ ಅಂತ.

ಮಾಡಿಸ್ಕೊಂಡೋರು ದಯವಿಟ್ಟು ಹೇಳಿ. ಈ ವರ್ಷಾನುಗಟ್ಟಲೆಯ ನೋವು ಒಂದು ತೂತಲ್ಲಿ ಮುಗಿಯುತ್ತಾ?

ಎಲ್5ಎಸ್1_ಗೆಳೆಯ:
ನಾನು ಮಾಡಿಸ್ಕೊಂಡಿದೀನಿ ಬ್ರೋ. ಟ್ಯೂಬ್ ಹಾಕಿ ಮಾಡೋದು, ಮೈಕ್ರೋಸ್ಕೋಪ್ ಕೆಳಗೆ. ನನ್ನದು ಬಲಗಾಲು, ಮೀನಖಂಡದಿಂದ ಕಿರುಬೆರಳವರೆಗೂ. ಮಲಗಿದ್ರೂ ನೋವು ನಿಂತ್ರೂ ನೋವು, ರಾತ್ರಿ ಮಂಡಿಯೂರಿ ಹಾಸಿಗೆ ಮೇಲೆ ಎದೆ ಇಟ್ಕೊಂಡು ತೂಕಡಿಸ್ತಿದ್ದೆ, ಅದೊಂದೇ ಪೊಸಿಷನ್‌ನಲ್ಲಿ ಸ್ವಲ್ಪ ಸುಮಾರು.

ಆಪರೇಷನ್ ಆಗಿ ಎಚ್ಚರ ಆದಾಗ ನರ್ಸ್ ಬಂದು ಪಾದ ಕೆಳಗೆ ಒತ್ತಿ, ಮೇಲಕ್ಕೆ ಎತ್ತಿ ಅಂತ ನನ್ನ ಪಾದಕ್ಕೆ ಕೈ ಅಡ್ಡ ಇಟ್ಟು ನೋಡಿದ್ರು. ಒತ್ತಿದೆ, ಎತ್ತಿದೆ, ಆಮೇಲೆ ಹೊಳೀತು, ಕಾಲಲ್ಲಿ ಆ ಸೆಳೆತ ಇಲ್ಲ. ಗಾಯದ ನೋವಿತ್ತು, ಅದು ಬೇರೆ ಜಾತಿ ನೋವು, ತಡ್ಕೋಬಹುದು. ಅವತ್ತೇ ಸಾಯಂಕಾಲ ಎದ್ದು ನಡೆಸಿದ್ರು.

ಆದ್ರೆ ಒಂದು ಸತ್ಯ ಹೇಳ್ತೀನಿ. ಕಾಲು ಹೋಯ್ತು, ಸೊಂಟ ಇದೆ. ತುಂಬಾ ಹೊತ್ತು ಕೂತ್ರೆ ಇವತ್ತಿಗೂ ಹಿಡ್ಕೊಳ್ಳುತ್ತೆ. ಕಿರುಬೆರಳ ಹತ್ರ ಸ್ವಲ್ಪ ಜೋಮೂ ಉಳ್ಕೊಂಡಿದೆ.

ನ್ಯೂರೋ_ಪಿಜಿ:
ನಾನು ನ್ಯೂರೋಸರ್ಜರಿ ಟ್ರೈನಿಂಗ್‌ನಲ್ಲಿ ಇರೋನು. ಇಲ್ಲಿ ಬರೆದದ್ದು ನಿಮ್ಮನ್ನ ಕೈಯಾರೆ ಪರೀಕ್ಷೆ ಮಾಡಿದ ಡಾಕ್ಟರ್ ಮಾತಿಗೆ ಬದಲಿ ಆಗೋದಿಲ್ಲ, ಇಷ್ಟು ಹೇಳಿ ಮುಂದಕ್ಕೆ.

@ಬೆನ್ನೇರಿದ_ಬೇತಾಳ ಮೊದಲು ಇದಕ್ಕೆ ಉತ್ತರ ಕೊಡಿ. ಮೂತ್ರ ಕಟ್ಟುತ್ತಾ, ಅಥವಾ ಹೋಗಿದ್ದೇ ಗೊತ್ತಾಗ್ತಿಲ್ವಾ? ಮಲದ ಮೇಲೆ ಹಿಡಿತ ಇದೆಯಾ? ತೊಡೆಸಂದು, ಗುದದ ಸುತ್ತ, ಅಂದ್ರೆ ಸೈಕಲ್ ಸೀಟಿಗೆ ತಾಗೋ ಜಾಗ, ಮರಗಟ್ಟಿದೆಯಾ? ಎರಡೂ ಕಾಲಿಗೆ ಬರ್ತಿದೆಯಾ? ಇದರಲ್ಲಿ ಯಾವುದೇ ಒಂದು ಹೊಸದಾಗಿ ಶುರುವಾಗಿದ್ರೂ ಈ ಥ್ರೆಡ್ ಓದ್ತಾ ಕೂರಬೇಡಿ, ಈಗಲೇ ಎಮರ್ಜೆನ್ಸಿಗೆ ಹೋಗಿ. ಅದು ಕಾಡಾ ಈಕ್ವೈನಾ ಸಿಂಡ್ರೋಮ್ ಇರಬಹುದು, ಬೆನ್ನುಹುರಿ ಮುಗಿದ ಮೇಲೆ ಕೆಳಗೆ ಇಳಿಯೋ ನರಗಳ ಕಟ್ಟು ಪೂರ್ತಿ ಅದುಮಿ ಹೋಗಿರೋದು. ಅದರಲ್ಲಿ ತಡವಾದಷ್ಟೂ ಮೂತ್ರದ ಹಿಡಿತ ವಾಪಸ್ ಬರೋ ಸಾಧ್ಯತೆ ಕಮ್ಮಿ.

ಆಮೇಲೆ ಎರಡನೇ ಪ್ರಶ್ನೆ. ನೋವು ನೂರು ರೂಪಾಯಿ ಅಂತ ಇಟ್ಕೊಳ್ಳಿ, ಕಾಲಿಗೆ ಎಷ್ಟು, ಸೊಂಟಕ್ಕೆ ಎಷ್ಟು? ಹಿಮ್ಮಡಿ ಮೇಲೆ ನಡೆಯೋಕೆ ಆಗುತ್ತಾ? ಎಡಗಾಲ ಹೆಬ್ಬೆರಳನ್ನ ಮೇಲಕ್ಕೆ ಎತ್ತಿ ಹಿಡೀರಿ, ಇನ್ನೊಬ್ರು ಕೆಳಗೆ ಅದುಮ್ಲಿ, ಬಲಗಾಲಿಗೆ ಹೋಲಿಸಿದ್ರೆ ಬೇಗ ಸೋಲುತ್ತಾ?

ಬೆನ್ನೇರಿದ_ಬೇತಾಳ:
ಮೂತ್ರ, ಮಲ ಎಲ್ಲಾ ಸರಿಯಾಗಿದೆ ಸರ್, ಮರಗಟ್ಟಿರೋದು ಪಾದದ ಮೇಲೆ ಮಾತ್ರ. ಕಾಲಿಗೆ ಎಪ್ಪತ್ತು, ಸೊಂಟಕ್ಕೆ ಮೂವತ್ತು ಅನ್ಬಹುದು. ಹಿಮ್ಮಡಿ ಮೇಲೆ ನಡೀತೀನಿ. ಹೆಬ್ಬೆರಳು ತಮ್ಮನ ಕೈಲಿ ಅದುಮಿಸಿದೆ, ಎಡಗಡೆದು ಸ್ವಲ್ಪ ಬೇಗ ಸೋತಂಗೆ ಅನ್ಸುತ್ತೆ ಆದ್ರೆ ಅವನು ಎರಡೂ ಕಡೆ ಒಂದೇ ತರ ಅದುಮಿದ್ನಾ ಅಂತ ಅನುಮಾನ, ಸೇಡು ತೀರಿಸ್ಕೊಳ್ಳೋ ಚಾನ್ಸ್ ಅವನಿಗೆ ಸಿಗೋದೇ ಅಪರೂಪ.

ಫಿಸಿಯೋ_ಅಕ್ಕ:
ಹಹ್ಹಾ, ತಮ್ಮನ್ನ ಬಿಟ್ಟು ಡಾಕ್ಟರ್ ಕೈಲೇ ಅದುಮಿಸಿ, ಅವರು ಗ್ರೇಡ್ ಹಾಕಿ ಬರ್ಕೋತಾರೆ. ಮುಂದಿನ ಸಲ ಹೋದಾಗ ಕಮ್ಮಿ ಆಗಿದ್ಯಾ ಅಂತ ಹೋಲಿಸೋಕೆ ಆ ನಂಬರ್ ಬೇಕು.

ನಾನು ಹೇಳ್ಬೇಕಿದ್ದದ್ದು ಆ ಒಂದು ಪುಟದ ಬೈಗುಳದ ಬಗ್ಗೆ. ಡೆಸಿಕೇಶನ್ ಅಂದ್ರೆ ಡಿಸ್ಕ್‌ನಲ್ಲಿ ನೀರಿನಂಶ ಕಮ್ಮಿ ಆಗಿರೋದು. ಡಿಜೆನರೇಶನ್ ಅಂದ್ರೆ ವಯಸ್ಸಾಗಿರೋದು. ನನ್ನ ಹತ್ರ ಬರೋ ಎಷ್ಟೋ ಜನ ಈ ಪದ ಓದಿದ ದಿನದಿಂದ ಬಗ್ಗೋದು ಬಿಡ್ತಾರೆ, ಬೆನ್ನು ಸವೆದು ಹೋಗಿದೆ ಅಂತ ಬಲವಾಗಿ ನಂಬಿಬಿಡ್ತಾರೆ. 2015ರಲ್ಲಿ ಬಂದ ಒಂದು ದೊಡ್ಡ ವಿಮರ್ಶೆಯಲ್ಲಿ ನೋವೇ ಇಲ್ಲದ 3,110 ಜನರ ಸ್ಕ್ಯಾನ್ ಲೆಕ್ಕ ಹಾಕಿದ್ರು. ಇಪ್ಪತ್ತರ ವಯಸ್ಸಲ್ಲೇ ಶೇ. 37 ಜನಕ್ಕೆ ಡಿಜೆನರೇಶನ್ ಇತ್ತು, ಎಂಬತ್ತಕ್ಕೆ ಬಂದ್ರೆ ಶೇ. 96. ಬಲ್ಜ್ ಅಂತೂ ಇಪ್ಪತ್ತಕ್ಕೆ ಶೇ. 30, ಐವತ್ತಕ್ಕೆ ಶೇ. 60. ಇವರ್ಯಾರಿಗೂ ಸೊಂಟನೋವಿರಲಿಲ್ಲ, ಆರಾಮಾಗಿ ಓಡಾಡ್ಕೊಂಡಿದ್ರು. ಹಾಗಾಗಿ ನಿಮ್ಮ ಎಲ್5-ಎಸ್1 ಬಲ್ಜ್ ನಿಮ್ಮ ನೋವಿಗೆ ಕಾರಣ ಅಂತ ಫೋಟೋ ನೋಡಿ ಹೇಳೋಕೆ ಬರಲ್ಲ.

ಎಲ್4-ಎಲ್5ದು ಕಥೆ ಬೇರೆ, ಯಾಕಂದ್ರೆ ಅಲ್ಲಿ ಒತ್ತಿರೋ ಎಲ್5 ನರ ಹೋಗೋ ದಾರಿಯಲ್ಲೇ ನಿಮಗೆ ನೋವು ಇಳೀತಿದೆ. ಕಾಲಿನ ಹೊರಬದಿ, ಪಾದದ ಮೇಲೆ, ಹೆಬ್ಬೆರಳು, ಎಲ್ಲಾ ಅದೇ ನರದ ಜಾಗ.

ಹಳೇ_ಪೇಷಂಟ್:
ಎಲ್ರೂ ಒಳ್ಳೇದೇ ಹೇಳ್ತಿದೀರಲ್ಲ, ನನ್ನದೂ ಕೇಳಿ. ನನಗೆ ಕಾಲುನೋವೇ ಇರಲಿಲ್ಲ. ಬರೀ ಸೊಂಟ. ವರ್ಷಗಟ್ಟಲೆ ಅನುಭವಿಸಿ ಸಾಕಾಗಿ ಒಂದು ಆಸ್ಪತ್ರೆಗೆ ಹೋದ್ರೆ ಎಂಆರ್‌ಐ ತೋರಿಸಿ ಈ ಡಿಸ್ಕ್ ಕಪ್ಪಾಗಿದೆ ನೋಡಿ, ಇದೇ ಕಳ್ಳ ಅಂದ್ರು. ಮಿನಿಮಲಿ ಇನ್ವೇಸಿವ್ ಫ್ಯೂಶನ್, ಅಂದ್ರೆ ಎರಡು ಮೂಳೆ ಸೇರಿಸಿ ಒಂದು ಮಾಡೋದು, ಸಣ್ಣ ಸಣ್ಣ ಗಾಯ, ಸ್ಕ್ರೂ, ರಾಡ್, ಮಧ್ಯೆ ಕೇಜ್. ಗಾಯ ನಿಜವಾಗ್ಲೂ ಸಣ್ಣದೇ, ಈಗ ಹುಡುಕಿದ್ರೂ ಕಾಣಲ್ಲ. ಎಕ್ಸ್‌ರೇನಲ್ಲಿ ಮೂಳೆ ಚೆನ್ನಾಗಿ ಕೂಡ್ಕೊಂಡಿದೆ, ಡಾಕ್ಟರ್ ಖುಷಿಯಾಗಿದಾರೆ. ನೋವು ಇದ್ದಲ್ಲೇ ಇದೆ. ಹೋಗಿ ಕೇಳಿದ್ರೆ ಆಪರೇಷನ್ ಸಕ್ಸಸ್ ಅಂತಾರೆ.

ಸಣ್ಣ ತೂತು ಅಂತ ಯಾರಾದ್ರೂ ಹೇಳಿದ್ರೆ ಒಳಗೆ ಏನು ಮಾಡ್ತೀರಾ ಅಂತ ಕೇಳಿ. ತೂತು ಸಣ್ಣದಾದ ಮಾತ್ರಕ್ಕೆ ಒಳಗಿನ ಕೆಲಸ ಸಣ್ಣದಾಗಲ್ಲ.

ನ್ಯೂರೋ_ಪಿಜಿ:
@ಹಳೇ_ಪೇಷಂಟ್ ಸರ್, ನೀವು ಬರೆದಿದ್ದು ಓದಿ ಬೇಜಾರಾಯ್ತು, ಆದ್ರೆ ಬರೆದದ್ದು ಒಳ್ಳೇದಾಯ್ತು. ಕೊನೇ ಎರಡು ಸಾಲು ನಮ್ಮ ಒಪಿಡಿ ಗೋಡೆಗೆ ಹಾಕ್ಬೇಕು.

ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಕೊಟ್ಟ ಸೊಂಟನೋವಿನ ಮಾರ್ಗಸೂಚಿಯಲ್ಲಿ ಬರೀ ಸೊಂಟನೋವಿಗೆ ಫ್ಯೂಶನ್ ಕೊಡಬೇಡಿ, ಕೊಡೋದಿದ್ರೆ ಕ್ಲಿನಿಕಲ್ ಟ್ರಯಲ್ ಒಳಗೆ ಮಾತ್ರ ಅಂತ ನೇರವಾಗಿ ಇದೆ. ಮೂಳೆ ಒಂದರ ಮೇಲೊಂದು ಜಾರ್ತಿದ್ರೆ, ಮುರಿದಿದ್ರೆ, ಸೋಂಕು ಇದ್ರೆ, ಗೆಡ್ಡೆ ಇದ್ರೆ ಆ ಮಾತು ಬೇರೆ.

ಇಲ್ಲಿ ಸುಮಾರು ಜನಕ್ಕೆ ಗೊಂದಲ ಇರೋದು ಇದೇ ಜಾಗದಲ್ಲಿ. ಡಿಸೆಕ್ಟಮಿ ಅನ್ನೋದು ನರದ ಮೇಲಿನ ಒತ್ತಡ ತೆಗೆಯೋ ಆಪರೇಷನ್. ನರ ಒತ್ತಿದ್ರೆ ನೋವು ಕಾಲಿಗೆ ಬರುತ್ತೆ, ಆದ್ದರಿಂದ ಒತ್ತಡ ತೆಗೆದ್ರೆ ಕಾಲುನೋವು ಹೋಗುತ್ತೆ. ಸೊಂಟನೋವು ಸ್ನಾಯು, ಫ್ಯಾಸೆಟ್ ಕೀಲು (ಬೆನ್ನುಮೂಳೆ ಹಿಂಭಾಗದ ಸಣ್ಣ ಕೀಲು), ಡಿಸ್ಕಿನ ಹೊರಕವಚ, ನಿದ್ದೆ, ಟೆನ್ಷನ್, ಹೀಗೆ ಹತ್ತು ಕಡೆಯಿಂದ ಬರಬಹುದು, ಎಷ್ಟೋ ಜನರಲ್ಲಿ ಇದೇ ಮೂಲ ಅಂತ ಬೆರಳಿಟ್ಟು ತೋರಿಸೋಕೇ ಆಗಲ್ಲ. ನಮ್ಮ ಬೇತಾಳ ಅವರು ಹೆಡ್ಡಿಂಗಲ್ಲಿ ಕೇಳಿರೋದು ಸೊಂಟನೋವು ಹೋಗುತ್ತಾ ಅಂತ. ಆ ಮೂವತ್ತು ರೂಪಾಯಿಗೆ ಯಾವ ಸರ್ಜನ್ನೂ ಗ್ಯಾರಂಟಿ ಕೊಡಬಾರದು. ಎಪ್ಪತ್ತು ರೂಪಾಯಿ ಬಗ್ಗೆ ಮಾತಾಡಬಹುದು.

ಬೆನ್ನೇರಿದ_ಬೇತಾಳ:
ಇದನ್ನ ಮೂರೂ ಡಾಕ್ಟರಲ್ಲಿ ಒಬ್ರೂ ಬಿಡಿಸಿ ಹೇಳ್ಲಿಲ್ಲ ಸರ್. ಸರಿ, ಈಗ ಮೈಕ್ರೋ, ಟ್ಯೂಬ್, ಎಂಡೋಸ್ಕೋಪಿ ಇವೆಲ್ಲಾ ಏನು ವ್ಯತ್ಯಾಸ? ಎಲ್ಲಾ ಒಂದೇ ಅಂಗಡಿ ಬೇರೆ ಬೋರ್ಡಾ?

ನ್ಯೂರೋ_ಪಿಜಿ:
ಗುರಿ ಒಂದೇ, ದಾರಿ ಬೇರೆ. ಉದ್ದ ಆಗುತ್ತೆ, ತಾಳ್ಮೆ ಇದ್ದೋರು ಓದಿ.

ಕಾಲುನೋವಿಗೂ ಹೊರಬಂದ ಡಿಸ್ಕಿಗೂ ಇರೋ ಸಂಬಂಧ ಗಟ್ಟಿಯಾಗಿ ದಾಖಲಾಗಿದ್ದು 1934ರಲ್ಲಿ, ಮಿಕ್ಸ್‌ಟರ್ ಮತ್ತು ಬಾರ್ ಅನ್ನೋ ಇಬ್ಬರು ಅಮೆರಿಕನ್ ಸರ್ಜನ್‌ಗಳ ಪೇಪರ್. ಆ ಕಾಲದ ಆಪರೇಷನ್ ಅಂದ್ರೆ ದೊಡ್ಡ ಗಾಯ, ಬೆನ್ನುಮೂಳೆಯ ಹಿಂಭಾಗದ ಕಮಾನು ಅಗಲವಾಗಿ ತೆಗೆಯೋದು. ನಿಮ್ಮ ಮನೆಯವರ ಹಾಸಿಗೆ ಹಿಡೀತಾರೆ ಅನ್ನೋ ಭಯ ಬಹುಶಃ ಅಂಥ ಹಳೇ ದಿನಗಳದ್ದು. 1977ರಲ್ಲಿ ಯಾಸರ್ಗಿಲ್ ಮತ್ತು ಕಾಸ್ಪರ್ ಬೇರೆ ಬೇರೆಯಾಗಿ ಡಿಸ್ಕಿಗೆ ಮೈಕ್ರೋಸ್ಕೋಪ್ ಬಳಸಿದ್ದನ್ನ ಪ್ರಕಟಿಸಿದ್ರು. ಬೆಳಕು, ದೊಡ್ಡದಾಗಿ ಕಾಣೋ ನರ ಎರಡೂ ಸಿಕ್ಕಿದ ಮೇಲೆ ಗಾಯ ತಾನಾಗೇ ಸಣ್ಣದಾಯ್ತು. ಇವತ್ತಿಗೂ ಹೊಸ ಪದ್ಧತಿ ಬಂದಾಗ ಹೋಲಿಸೋದು ಈ ಮೈಕ್ರೋ ಡಿಸೆಕ್ಟಮಿಗೇ.

1997ರಲ್ಲಿ ಫೋಲಿ ಮತ್ತು ಸ್ಮಿತ್ ಟ್ಯೂಬ್ ತಂದ್ರು. ಇದರಲ್ಲಿ ಸ್ನಾಯುವನ್ನ ಮೂಳೆಯಿಂದ ಕೆರೆದು ಬಿಡಿಸೋದಿಲ್ಲ. ತೆಳ್ಳಗಿನ ಕಡ್ಡಿ ಇಳಿಸಿ, ಅದರ ಮೇಲೆ ಸ್ವಲ್ಪ ದಪ್ಪದ್ದು, ಅದರ ಮೇಲೆ ಇನ್ನೂ ದಪ್ಪದ್ದು ಹೀಗೆ ಸ್ನಾಯುವಿನ ಎಳೆಗಳನ್ನ ಅಗಲಿಸ್ತಾ ಹೋಗಿ ಕೊನೆಗೆ ಸುಮಾರು 18 ಮಿಲಿಮೀಟರ್ ಅಗಲದ ಕೊಳವೆ ಕೂರಿಸ್ತೀವಿ. ಸರಿಯಾದ ಮಟ್ಟದಲ್ಲೇ ಇದೀವಾ ಅಂತ ಸಿ-ಆರ್ಮ್ ಎಕ್ಸ್‌ರೇನಲ್ಲಿ ನೋಡ್ತೀವಿ. ಕೊಳವೆ ಒಳಗಿಂದ ಮೂಳೆ ಅಂಚು ಸ್ವಲ್ಪ ಡ್ರಿಲ್ ಮಾಡಿ, ಲಿಗಮೆಂಟಮ್ ಫ್ಲೇವಮ್ ಅನ್ನೋ ಹಳದಿ ಪಟ್ಟಿ ಬಿಡಿಸಿದ್ರೆ ಒಳಗೆ ನರದ ಬೇರು ಕಾಣುತ್ತೆ, ಅದು ಬಿಗಿಯಾಗಿ, ಕೆಂಪಗೆ ಊದಿರುತ್ತೆ ಕೆಲವು ಸಲ. ಅದನ್ನ ಮೆಲ್ಲಗೆ ಪಕ್ಕಕ್ಕೆ ಸರಿಸಿದ್ರೆ ಅಡಿಯಲ್ಲಿ ಬಿಳೀ ತುಂಡು. ಇಕ್ಕಳದಲ್ಲಿ ಹಿಡಿದು ಎಳೆದಾಗ ಬಂದ್ರೆ ಒಂದೇ ಸಲಕ್ಕೆ ಬರುತ್ತೆ, ಇಲ್ಲಾ ಚೂರು ಚೂರಾಗಿ ಬರುತ್ತೆ. ತುಂಡು ಹೋದ ಮೇಲೆ ನರ ಸಡಿಲ ಆಗೋದು ಕಣ್ಣಿಗೇ ಕಾಣುತ್ತೆ. ಡಿಸ್ಕ್ ಪೂರ್ತಿ ತೆಗೀತಾರೆ ಅಂತ ಸುಮಾರು ಜನ ಅಂದ್ಕೊಂಡಿದಾರೆ, ಹಾಗಿಲ್ಲ, ಹೊರಗೆ ಬಂದಿರೋ ತುಂಡು, ಜೊತೆಗೆ ಸಡಿಲವಾಗಿರೋ ಚೂರುಗಳು ಅಷ್ಟೇ.

ಫುಲ್ ಎಂಡೋಸ್ಕೋಪಿಯಲ್ಲಿ ಕ್ಯಾಮೆರಾ ಇರೋ ಕೊಳವೆ 7-8 ಮಿ.ಮೀ. ಮಾತ್ರ, ಸಲೈನ್ ನೀರು ಹರೀತಾನೇ ಇರುತ್ತೆ, ಸರ್ಜನ್ ಟಿವಿ ನೋಡ್ಕೊಂಡು ಮಾಡ್ತಾರೆ. ಪಕ್ಕೆಯಿಂದ ಹೋಗೋದಾದ್ರೆ ಕ್ಯಾಂಬಿನ್ ತ್ರಿಕೋನ ಅಂತ ಒಂದು ಸೇಫ್ ಜಾಗ ಇದೆ, ನರದ ಬೇರಿನ ಪಕ್ಕದಲ್ಲೇ, ಅದರ ಮೂಲಕ. ಇದನ್ನ ಲೋಕಲ್ ಅನಸ್ತೇಶಿಯಾದಲ್ಲಿ ಪೇಷಂಟ್ ಎಚ್ಚರ ಇದ್ದಾಗಲೇ ಮಾಡೋಕೂ ಆಗುತ್ತೆ. ನರಕ್ಕೆ ತಾಗಿದ್ರೆ ಪೇಷಂಟೇ ಅಯ್ಯೋ ಅಂತಾರೆ, ಅದಕ್ಕಿಂತ ಒಳ್ಳೇ ಅಲಾರಂ ಇಲ್ಲ. ಎಲ್5-ಎಸ್1ನಲ್ಲಿ ಸೊಂಟದ ಮೂಳೆ ಅಡ್ಡ ಬರೋದ್ರಿಂದ ಬಹಳ ಸಲ ಹಿಂದಿನಿಂದಲೇ ಹೋಗ್ಬೇಕು. ಯುಬಿಇ ಅಂತ ಇನ್ನೊಂದಿದೆ, ಎರಡು ತೂತು, ಒಂದರಲ್ಲಿ ಕ್ಯಾಮೆರಾ ಇನ್ನೊಂದರಲ್ಲಿ ಸಲಕರಣೆ.

ಸುಮ್ನೆ_ಓದುಗ:
ಇಷ್ಟೆಲ್ಲಾ ಇದ್ರಲ್ಲಿ ಯಾವುದು ಬೆಸ್ಟ್ ಅಂತ ಹೇಳ್ಲೇ ಇಲ್ವಲ್ಲ ಗುರೂ

ನ್ಯೂರೋ_ಪಿಜಿ:
ಹೇಳಿದ್ರೆ ಸಪ್ಪೆ ಅನ್ಸುತ್ತೆ ಅದಕ್ಕೇ ಹಿಂದೆ ಇಟ್ಟಿದ್ದೆ. ನೆದರ್‌ಲೆಂಡ್ಸ್‌ನಲ್ಲಿ 328 ಜನರನ್ನ ಚೀಟಿ ಎತ್ತಿದಂಗೆ ಎರಡು ಭಾಗ ಮಾಡಿ, ಒಂದು ಗುಂಪಿಗೆ ಟ್ಯೂಬ್, ಇನ್ನೊಂದಕ್ಕೆ ಮಾಮೂಲಿ ಮೈಕ್ರೋ ಮಾಡಿದ್ರು, 2009ರಲ್ಲಿ ಫಲಿತಾಂಶ ಬಂತು. ಟ್ಯೂಬ್ ಗೆಲ್ಲುತ್ತೆ ಅಂತ ಎಲ್ರೂ ಕಾಯ್ತಿದ್ರು, ಗೆಲ್ಲಲಿಲ್ಲ, ನೋವಿನ ಸ್ಕೋರ್‌ನಲ್ಲಿ ಒಂಚೂರು ಹಿಂದೇನೇ ಬಿತ್ತು. ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡೋ ಕೊಕ್ರೇನ್ ಸಂಸ್ಥೆಯ 2014ರ ವಿಮರ್ಶೆಯೂ ಹೆಚ್ಚುಕಮ್ಮಿ ಅದೇ ಧಾಟಿ, ಸಣ್ಣ ತೂತಿನದ್ದರಲ್ಲಿ ಗಾಯದ ಸೋಂಕು ಕಮ್ಮಿ, ಆದ್ರೆ ನೋವು ಕಮ್ಮಿ ಮಾಡೋದ್ರಲ್ಲಿ ಸ್ವಲ್ಪ ಹಿಂದೆ ಇರಬಹುದು, ಆ ವ್ಯತ್ಯಾಸವೂ ಪೇಷಂಟಿಗೆ ಗೊತ್ತಾಗದಷ್ಟು ಸಣ್ಣದು ಅಂತ. ಆಮೇಲೆ 2022ರಲ್ಲಿ ಮತ್ತೆ ಡಚ್ಚರೇ 613 ಜನರ ಮೇಲೆ ಪಕ್ಕೆಯಿಂದ ಮಾಡೋ ಎಂಡೋಸ್ಕೋಪಿ ನೋಡಿದ್ರು, ಕಾಲುನೋವಿನ ಮಟ್ಟಿಗೆ ಮೈಕ್ರೋಗಿಂತ ಕಡೆ ಇಲ್ಲ ಅಂತ ಬಂತು.

ಇದರಿಂದ ನಾನು ತಗೊಂಡಿರೋದು ಇಷ್ಟು: ಒಂದು ಕೈ ಯಾವ ಪದ್ಧತಿಯಲ್ಲಿ ನೂರಾರು ಮಾಡಿದೆಯೋ ಆ ಕೈಲಿ ಅದೇ ಬೆಸ್ಟ್. ಎಂಡೋಸ್ಕೋಪಿ ಕಲಿಯೋಕೆ ಟೈಮ್ ಹಿಡಿಯುತ್ತೆ. ನಿಮ್ಮದು ಕಲಿಕೆಯ ಕೇಸ್ ಆಗ್ಬೇಕಾ ಅನ್ನೋದು ನೀವು ಕೇಳಬೇಕಾದ ಪ್ರಶ್ನೆ. ಕಲಿಯೋನೇ ಹೇಳ್ತಿದೀನಿ, ನಂಬಿ.

ಗಟ್ಟಿ_ಬೆನ್ನು:
ನನ್ನ ಪಾಲಿಗ ಆಪರೇಷನ್ ಇಲ್ದನ ಕಡಿಮಿ ಆಗೇತ್ರೀ. ಡಾಕ್ಟರ್ ಡೇಟ್ ಸೈತ ಕೊಟ್ಟಿದ್ರು. ತುಂಡು ಹರದು ಕೆಳಗ ಜಾರೇತಿ, ಭಾಳ ದೊಡ್ಡದೈತಿ ಅಂತ ಹೇಳಿ ಹೆದರಿಸಿದ್ರು. ಕೆಲಸದ ರಜಾ ಹೊಂದಲಿಲ್ಲ ಅಂತ ಡೇಟ್ ಮುಂದ ಹಾಕಿದ್ನಿ, ಅಷ್ಟರಾಗ ಕಾಲು ನೋವು ತಾನ ಇಳಕೋತ ಬಂತು ನೋಡ್ರಿ. ಆಮ್ಯಾಲ ಮತ್ತೊಮ್ಮಿ ಸ್ಕ್ಯಾನ್ ಮಾಡ್ಸಿದ್ರ ತುಂಡ ಇಲ್ಲ! ನಾ ಅಂದ್ನಿ ಯಾರದರ ರಿಪೋರ್ಟ್ ಅದಲು ಬದಲು ಆಗೇತೇನೋ ಅಂತ.

ಫಿಸಿಯೋ_ಅಕ್ಕ:
@ಗಟ್ಟಿ_ಬೆನ್ನು ಅದಲು ಬದಲಾಗಿಲ್ಲ ಅಣ್ಣಾ, ನಿಜವಾಗ್ಲೂ ಕರಗುತ್ತೆ. ತಮಾಷೆ ಏನು ಗೊತ್ತಾ, ಸ್ಕ್ಯಾನಲ್ಲಿ ನೋಡೋಕೆ ಭಯಂಕರವಾಗಿ ಕಾಣೋ ಹರಿದು ಬೇರೆಯಾದ ತುಂಡೇ ಜಾಸ್ತಿ ಕರಗೋದು, ಸುಮ್ನೆ ಉಬ್ಬಿರೋ ಬಲ್ಜ್ ಹಾಗೇ ಇರುತ್ತೆ. ಡಿಸ್ಕಿನ ಒಳಗಿನ ತಿರುಳಿಗೆ ರಕ್ತದ ಸಂಪರ್ಕ ಇರೋದಿಲ್ಲ, ಅದು ಹೊರಗೆ ಬಿದ್ದಾಗ ದೇಹ ಅದನ್ನ ಹೊರಗಿನವನು ಅಂತ ತಿಳ್ಕೊಂಡು ರಕ್ಷಣಾ ಕೋಶಗಳನ್ನ ಕಳಿಸಿ ಮೆಲ್ಲಗೆ ತಿಂದು ಹಾಕುತ್ತೆ. ಶುರುವಿನಲ್ಲಿ ಅಷ್ಟೊಂದು ನೋವು ಬರೋಕೂ ಆ ಉರಿಯೂತವೇ ಒಂದು ಕಾರಣ, ಬರೀ ಒತ್ತಡ ಅಲ್ಲ.

ಹಳೇ_ಪೇಷಂಟ್:
ಹಾಗಿದ್ರೆ ಎಲ್ರೂ ಕಾಯಬಹುದಲ್ಲ, ಆಪರೇಷನ್ ಯಾಕೆ?

ನ್ಯೂರೋ_ಪಿಜಿ:
ಕಾಯೋದು ಫ್ರೀ ಅಲ್ಲ ಸರ್, ಅದಕ್ಕೇ. 2007ರಲ್ಲಿ ಬಂದ ಇನ್ನೊಂದು ಡಚ್ ಅಧ್ಯಯನದಲ್ಲಿ 6ರಿಂದ 12 ವಾರ ಕಾಲುನೋವು ಇದ್ದ 283 ಜನರಲ್ಲಿ ಅರ್ಧ ಜನಕ್ಕೆ ಬೇಗ ಆಪರೇಷನ್, ಇನ್ನರ್ಧಕ್ಕೆ ಮಾತ್ರೆ, ಫಿಸಿಯೋ ಮಾಡ್ಕೊಂಡು ಕಾಯೋದು. ಒಂದು ವರ್ಷ ಆದಾಗ ಎರಡೂ ಗುಂಪಲ್ಲಿ ಶೇ. 95 ಜನ ಚೇತರಿಸ್ಕೊಂಡಿದ್ರು. ಹಾಗಂತ ಸಮ ಅಂದ್ಕೊಂಡು ಎದ್ದು ಹೋಗಬೇಡಿ, ಆಪರೇಷನ್ ಗುಂಪಿಗೆ ಚೇತರಿಕೆ ಸರಾಸರಿ 4 ವಾರಕ್ಕೆ ಬಂತು, ಕಾದವರಿಗೆ 12 ವಾರ ಹಿಡೀತು. ಕಾಯೋ ಗುಂಪಲ್ಲೂ ಶೇ. 39 ಜನ ತಡ್ಕೊಳ್ಳೋಕಾಗದೆ ಕೊನೆಗೆ ಟೇಬಲ್ ಮೇಲೆ ಬಂದ್ರು. ಅಂದ್ರೆ ಸುಮಾರು ಜನಕ್ಕೆ ಆಪರೇಷನ್ ಕೊಡೋದು ಬೇಗ ಸಿಗೋ ಆರಾಮ. ಮಗು ಎತ್ಕೊಳ್ಳೋಕಾಗದೆ, ಕೆಲಸಕ್ಕೆ ಹೋಗೋಕಾಗದೆ ಇರೋನಿಗೆ ಆ ಎರಡು ತಿಂಗಳಿಗೆ ಬೆಲೆ ಇದೆ, ಮನೇಲೇ ಕೆಲಸ ಮಾಡ್ಕೊಂಡು ಸುಧಾರಿಸೋನಿಗೆ ಅಷ್ಟು ಇಲ್ಲ.

ಆದ್ರೆ ನಾಲ್ಕು ತಿಂಗಳು ದಾಟಿದ ಮೇಲೂ ಕಾಲುನೋವು ಹಾಗೇ ಇದ್ರೆ ಲೆಕ್ಕ ಬದಲಾಗುತ್ತೆ. 2020ರಲ್ಲಿ ಕೆನಡಾದವರು 4ರಿಂದ 12 ತಿಂಗಳು ನೋವಿದ್ದವರನ್ನೇ ತಗೊಂಡು ನೋಡಿದಾಗ ಆರು ತಿಂಗಳ ಹೊತ್ತಿಗೆ ಆಪರೇಷನ್ ಆದವರ ಕಾಲುನೋವು 10ಕ್ಕೆ 2.8, ಆಗದವರದ್ದು 5.2. ಹಾಗಾಗಿ ವರ್ಷಾನುಗಟ್ಟಲೆ ಕಾಯಿ ಅನ್ನೋ ಸಲಹೆಗೂ ನಾನು ಇಲ್ಲ. ಪಾದ ಮೇಲಕ್ಕೆ ಎತ್ತೋಕಾಗದೆ ಜೋತು ಬೀಳ್ತಿದ್ರೆ, ಶಕ್ತಿ ದಿನದಿಂದ ದಿನಕ್ಕೆ ಕಮ್ಮಿ ಆಗ್ತಿದ್ರೆ ಕಾಯೋ ಮಾತೇ ಇಲ್ಲ.

ಬೆನ್ನುಬೇನೆ_ಮುಕ್ತಿ:
ಲೇಸರ್ ಟ್ರೀಟ್ಮೆಂಟ್ ಟ್ರೈ ಮಾಡಿ ಸಾರ್, ಕತ್ತರಿಸೋದಿಲ್ಲ ಹೊಲಿಗೆ ಇಲ್ಲ ನೋವಿಲ್ಲ, 100% ಗ್ಯಾರಂಟಿ, ಇನ್‌ಬಾಕ್ಸ್ ಮಾಡಿ

ಸುಮ್ನೆ_ಓದುಗ:
ಬಂದ್ರಪ್ಪಾ. ಅಡ್ಮಿನ್ ಎಲ್ಲಿದೀರಾ

ನ್ಯೂರೋ_ಪಿಜಿ:
ಬೆನ್ನಿನ ವಿಷಯದಲ್ಲಿ ಯಾರಾದ್ರೂ 100% ಅಂದ್ರೆ ಚಪ್ಪಲಿ ಹಾಕ್ಕೊಂಡು ಹೊರಡಿ. ಲೇಸರ್ ಒಂದು ಸಲಕರಣೆ ಅಷ್ಟೇ, ಅದಕ್ಕೆ ಮಂತ್ರಶಕ್ತಿ ಇಲ್ಲ.

ಅಮ್ಮನ_ಮಗಳು:
ನಡುವೆ ಬರ್ತಿದೀನಿ ಕ್ಷಮಿಸಿ. ನಮ್ಮಮ್ಮನಿಗೆ ಎಪ್ಪತ್ತು ದಾಟಿದೆ. ಅವರಿಗೆ ಕೂತಾಗ ಏನೂ ಇಲ್ಲ, ಸ್ವಲ್ಪ ದೂರ ನಡೆದ್ರೆ ಎರಡೂ ಕಾಲು ಭಾರ, ನಿಂತ್ಕೊಂಡು ಮುಂದಕ್ಕೆ ಬಗ್ಗಿದ್ರೆ ಅಥವಾ ಕೂತ್ರೆ ಸರಿ ಹೋಗುತ್ತೆ. ಗಾಡಿ ತಳ್ಕೊಂಡು ಹೋಗೋವಾಗ ಮಾತ್ರ ಎಷ್ಟು ದೂರ ಬೇಕಾದ್ರೂ ನಡೀತಾರೆ. ಕಾಲಿಗೆ ರಕ್ತ ಸರಿಯಾಗಿ ಹೋಗ್ತಿಲ್ಲ ಅಂತ ಒಬ್ರು ಅಂದ್ರು, ಡಾಪ್ಲರ್ ಮಾಡ್ಸಿದ್ವಿ, ನಾರ್ಮಲ್. ಈಗ ಸ್ಪೈನಲ್ ಸ್ಟೆನೋಸಿಸ್, ಬೆನ್ನಲ್ಲಿ ನರಗಳ ದಾರಿ ಕಿರಿದಾಗಿದೆ ಅಂತಿದಾರೆ. ಈ ವಯಸ್ಸಲ್ಲಿ ಮಾಡಿಸಬಹುದಾ?

ನ್ಯೂರೋ_ಪಿಜಿ:
ಮೇಡಂ, ಗಾಡಿ ತಳ್ಳೋವಾಗ ನಡೀತಾರೆ ಅನ್ನೋದೇ ಒಳ್ಳೇ ಸುಳಿವು. ಮುಂದಕ್ಕೆ ಬಗ್ಗಿದಾಗ ನರಗಳ ದಾರಿ ಸ್ವಲ್ಪ ಅಗಲ ಆಗುತ್ತೆ, ನೆಟ್ಟಗೆ ನಿಂತ್ರೆ ಕಿರಿದಾಗುತ್ತೆ. ವಯಸ್ಸಾದ ಹಾಗೆ ಆ ಹಳದಿ ಪಟ್ಟಿ ದಪ್ಪ ಆಗಿ, ಕೀಲುಗಳು ಊದಿ, ಡಿಸ್ಕ್ ಉಬ್ಬಿ ಮೂರೂ ಕಡೆಯಿಂದ ಜಾಗ ತಿಂದಿರುತ್ತೆ. ಟ್ಯೂಬ್ ಮೂಲಕ ಒಂದೇ ಕಡೆಯಿಂದ ಹೋಗಿ ಕೊಳವೆಯನ್ನ ಓರೆ ಮಾಡಿ ಎರಡೂ ಕಡೆ ಬಿಡಿಸೋಕೆ ಆಗುತ್ತೆ, ಆ ಕಡೆ ಸ್ನಾಯು ಮುಟ್ಟೋದೇ ಬೇಡ, ವಯಸ್ಸಾದವರಿಗೆ ಇದು ನಿಜಕ್ಕೂ ಉಪಯೋಗ. ವಯಸ್ಸೊಂದೇ ಅಡ್ಡಿ ಆಗಲ್ಲ, ಹಾರ್ಟು, ಶುಗರ್, ರಕ್ತ ತೆಳು ಮಾಡೋ ಮಾತ್ರೆ ಇವನ್ನ ನೋಡಿ ಅನಸ್ತೇಶಿಯಾದವರು ಹೇಳ್ತಾರೆ. ಮೂಳೆ ಜಾರಿದೆಯಾ ಅಂತ ಬಗ್ಗಿ, ಹಿಂದಕ್ಕೆ ವಾಲಿ ಎಕ್ಸ್‌ರೇ ತೆಗೆಸಿದಾರಾ ಕೇಳಿ. ಜಾರಿಲ್ಲ ಅಂದ್ರೆ ಸ್ಕ್ರೂ ಹಾಕೋ ಅಗತ್ಯ ಯಾಕೆ ಅಂತ ಕೇಳೋ ಹಕ್ಕು ನಿಮಗಿದೆ.

ಅಮ್ಮನ_ಮಗಳು:
ಥ್ಯಾಂಕ್ಸ್ ಸರ್, ಬಗ್ಗಿಸಿ ತೆಗೆದ ಎಕ್ಸ್‌ರೇ ಇಲ್ಲ, ಕೇಳ್ತೀನಿ.

ಬೆನ್ನೇರಿದ_ಬೇತಾಳ:
ನನಗೆ ನರದ ಹತ್ರ ಸ್ಟೀರಾಯ್ಡ್ ಇಂಜೆಕ್ಷನ್ ಅಂತಾನೂ ಒಂದು ಆಪ್ಷನ್ ಕೊಟ್ಟಿದಾರೆ. ಜೊತೆಗೆ ಪ್ರಿಗ್ಯಾಬಲಿನ್ ಅನ್ನೋ ನರದ ನೋವಿನ ಮಾತ್ರೆ ನಡೀತಿದೆ, ಅದರಿಂದ ನೋವಿಗಿಂತ ಜಾಸ್ತಿ ತಲೆ ಮಂಕಾಗ್ತಿದೆ, ಮೀಟಿಂಗಲ್ಲಿ ಕೂತು ಹೂಂ ಹೂಂ ಅಂತಿರ್ತೀನಿ, ಏನು ಒಪ್ಕೊಂಡೆ ಅಂತ ಆಮೇಲೆ ಮೇಲ್ ನೋಡಿದಾಗ್ಲೇ ಗೊತ್ತಾಗೋದು.

ಫಿಸಿಯೋ_ಅಕ್ಕ:
ಮಾತ್ರೆ ನೀವಾಗೇ ಒಂದೇ ಸಲ ನಿಲ್ಲಿಸಬೇಡಿ ಮಾತ್ರ. ಕೊಟ್ಟವರಿಗೆ ಮಂಕಾಗ್ತಿದೆ ಅಂತ ಹೇಳಿದ್ರೆ ಹಂತ ಹಂತವಾಗಿ ಇಳಿಸ್ತಾರೆ. 2017ರ ಒಂದು ಟ್ರಯಲ್‌ನಲ್ಲಿ ಸಯಾಟಿಕಾಗೆ, ಅಂದ್ರೆ ಹೀಗೆ ನರದ ಜಾಡಲ್ಲಿ ಕಾಲಿಗಿಳಿಯೋ ನೋವಿಗೆ, ಪ್ರಿಗ್ಯಾಬಲಿನ್ ಕೊಟ್ಟು ನೋಡಿದ್ರು, ಡಮ್ಮಿ ಮಾತ್ರೆಗಿಂತ ಏನೂ ಹೆಚ್ಚು ಕೆಲಸ ಮಾಡ್ಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ.

ನ್ಯೂರೋ_ಪಿಜಿ:
ಇಂಜೆಕ್ಷನ್ ಬಗ್ಗೆ: ತುಂಡನ್ನ ಅದು ಕರಗಿಸಲ್ಲ, ಉರಿಯೂತ ತಗ್ಗಿಸಿ ಕೆಲವು ವಾರ ಉಸಿರಾಡೋಕೆ ಬಿಡುತ್ತೆ. ಆ ಟೈಮಲ್ಲಿ ದೇಹ ತನ್ನ ಕೆಲಸ ಮಾಡ್ಕೊಂಡ್ರೆ ಆಪರೇಷನ್ ತಪ್ಪಬಹುದು. ಎಲ್ರಿಗೂ ಹಿಡಿಸಲ್ಲ.

ಆಪರೇಷನ್ ಕಡೆಗೇ ಮನಸ್ಸು ವಾಲಿದ್ರೆ ಅಪಾಯಗಳನ್ನೂ ಕೇಳ್ಕೊಳ್ಳಿ. ನರದ ಹೊದಿಕೆ ಹರಿದ್ರೆ ಬೆನ್ನುಹುರಿ ದ್ರವ ಸೋರುತ್ತೆ, ಎದ್ದು ಕೂತ್ರೆ ತಲೆ ಸಿಡಿಯುತ್ತೆ ಮಲಗಿದ್ರೆ ಇಳಿಯುತ್ತೆ, ಬಹುಪಾಲು ಸರಿ ಹೋಗುತ್ತೆ ಆದ್ರೆ ತಕ್ಷಣ ಹೇಳ್ಬೇಕು. ಸೋಂಕು, ನರಕ್ಕೆ ಪೆಟ್ಟು ಅಪರೂಪ, ಇಲ್ಲವೇ ಇಲ್ಲ ಅಂತಲ್ಲ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಅದೇ ಜಾಗದಲ್ಲಿ ಮತ್ತೆ ಹೊರಬರೋದು, ಬೇರೆ ಬೇರೆ ಅಧ್ಯಯನಗಳಲ್ಲಿ ಸುಮಾರು ಶೇ. 5ರಿಂದ 15. ಯಾಕಂದ್ರೆ ಡಿಸ್ಕಿನ ಹೊರಕವಚದಲ್ಲಿ ಹರಿದ ಬಾಯಿ ಹಾಗೇ ಉಳಿದಿರುತ್ತೆ, ಹೊಲಿಯೋ ಪದ್ಧತಿ ಸಾಮಾನ್ಯವಾಗಿ ಇಲ್ಲ. ನೀವು ಸಿಗರೇಟ್ ಸೇದ್ತೀರಾ? ಸೇದ್ತಿದ್ರೆ ಬಿಡೋಕೆ ಇದಕ್ಕಿಂತ ಒಳ್ಳೇ ನೆಪ ಸಿಗಲ್ಲ.

ಎಲ್5ಎಸ್1_ಗೆಳೆಯ:
ಮಾಡಿಸಿದ ಮೇಲಿನದ್ದು ನಾನು ಹೇಳ್ತೀನಿ. ಮಾರನೇ ದಿನ ಮನೆ ಅನ್ನೋದು ನಿಜ, ಆದ್ರೆ ಮಾರನೇ ದಿನ ಮೊದಲಿನ ಹಾಗೆ ಅಂತ ಅಲ್ಲ. ಶುರುವಲ್ಲಿ ಕೂರೋದೇ ಕಷ್ಟ, ನಡೆಯೋದು ಸುಲಭ. ಎದ್ದೇಳೋವಾಗ ಒಂದು ಪಕ್ಕಕ್ಕೆ ಹೊರಳಿ, ಕಾಲು ಮಂಚದಿಂದ ಇಳಿಬಿಟ್ಟು, ಕೈ ಊರಿ ಏಳೋದು ಕಲಿಸಿದ್ರು, ಈಗಲೂ ಹಾಗೇ ಏಳ್ತೀನಿ. ನಡುವೆ ಒಂದು ದಿನ ಕಾಲಲ್ಲಿ ಹಳೇ ಚಳಕು ಮತ್ತೆ ಬಂತು, ಪ್ರಾಣ ಬಾಯಿಗೆ ಬಂತು. ನರ ಇನ್ನೂ ಊತದಲ್ಲಿದೆ, ಹಾಗಾಗುತ್ತೆ ಅಂದ್ರು, ಇಳೀತು. ಜೋಮು ಎಲ್ಲಕ್ಕಿಂತ ನಿಧಾನ. ನೋವು ಮೊದಲು ಹೋಗುತ್ತೆ, ಶಕ್ತಿ ಆಮೇಲೆ ಬರುತ್ತೆ, ಜೋಮು ತನಗೆ ಮನಸ್ಸು ಬಂದಾಗ ಹೋಗುತ್ತೆ.

ಫಿಸಿಯೋ_ಅಕ್ಕ:
ಇದಕ್ಕೆ ಒಂದು ಸೇರಿಸ್ತೀನಿ. ಆ ಮೂವತ್ತು ರೂಪಾಯಿ ಸೊಂಟನೋವು ಇದೆಯಲ್ಲ, ಅದು ನನ್ನ ಖಾತೆಗೆ ಬರೋದು, ಆಪರೇಷನ್ ಆದ್ರೂ ಆಗದಿದ್ರೂ. ಜನ ಯಾವ ವ್ಯಾಯಾಮ ಬೆಸ್ಟ್ ಅಂತ ಕೇಳ್ತಾನೇ ಇರ್ತಾರೆ, ಆರು ತಿಂಗಳು ಬಿಡದೆ ಮಾಡೋ ವ್ಯಾಯಾಮ ಬೆಸ್ಟ್. ನಡಿಗೆ, ಈಜು, ತೂಕ ಎತ್ತೋದು, ಯಾವುದಾದ್ರೂ ಸರಿ. ಹೌದು, ತೂಕ ಎತ್ತೋದೂ ಸೇರಿ, ನಿಧಾನಕ್ಕೆ ಏರಿಸ್ತಾ. ಬೆಲ್ಟ್ ಕಟ್ಕೊಂಡು ವರ್ಷಗಟ್ಟಲೆ ಗೊಂಬೆ ತರ ಓಡಾಡೋರನ್ನ ನೋಡಿದ್ರೆ ನನಗೆ ಸಂಕಟ ಆಗುತ್ತೆ.

ಹಳೇ_ಪೇಷಂಟ್:
@ಫಿಸಿಯೋ_ಅಕ್ಕ ನನ್ನಂಥ ಸ್ಕ್ರೂ ಹಾಕಿಸ್ಕೊಂಡೋರಿಗೂ ಇದು ಆಗುತ್ತಾ, ಇಲ್ಲಾ ರೈಲು ಹೋಯ್ತಾ?

ಫಿಸಿಯೋ_ಅಕ್ಕ:
ಮೂಳೆ ಕೂಡ್ಕೊಂಡಿದೆ ಅಂದ್ರಲ್ಲ, ಹಾಗಿದ್ರೆ ಖಂಡಿತ ಆಗುತ್ತೆ. ಭಯ ಬಿಡಿಸೋದೇ ಮೊದಲ ಕೆಲಸ. ಎಕ್ಸ್‌ರೇ ತಗೊಂಡು ನಿಮ್ಮ ಹತ್ರ ಇರೋ ಒಳ್ಳೇ ಫಿಸಿಯೋ ಹತ್ರ ಹೋಗಿ, ಬರೀ ಮೆಷಿನ್ ಹಚ್ಚಿ ಮಲಗಿಸೋರ ಹತ್ರ ಬೇಡ.

ಬೆನ್ನೇರಿದ_ಬೇತಾಳ:
ಅಪ್ಡೇಟ್. ಮೈಕ್ರೋ ಹೇಳಿದ್ದ ಡಾಕ್ಟರ್ ಹತ್ರಾನೇ ವಾಪಸ್ ಹೋಗಿ ಇಲ್ಲಿಂದ ಬರ್ಕೊಂಡಿದ್ದ ಪ್ರಶ್ನೆಗಳನ್ನೆಲ್ಲಾ ಕೇಳಿದೆ. ಬೈತಾರೆ ಅಂದ್ಕೊಂಡಿದ್ದೆ, ಕುರ್ಚಿ ಎಳ್ಕೊಂಡು ಕೂತು ಉತ್ತರ ಕೊಟ್ರು. ಹೆಬ್ಬೆರಳು 5ಕ್ಕೆ 4 ಅಂತ ಬರ್ಕೊಂಡ್ರು, ಅಂದ್ರೆ ತಮ್ಮ ಮೋಸ ಮಾಡಿರಲಿಲ್ಲ. ಎರಡು ವಾರ ಬಿಟ್ಟು ಮತ್ತೆ ನೋಡೋಣ, 4 ಇದ್ದದ್ದು 3 ಆದ್ರೆ ಅಥವಾ ಪಾದ ನೆಲಕ್ಕೆ ತಟ್ಟೋಕೆ ಶುರುವಾದ್ರೆ ಡೇಟ್‌ಗೆ ಕಾಯದೆ ಬಾ, ಇಲ್ಲಾಂದ್ರೆ ಇಂಜೆಕ್ಷನ್ ಒಂದು ನೋಡೋಣ, ಆಮೇಲೂ ಕಾಲುನೋವು ಹೀಗೇ ಇದ್ರೆ ಮಾಡೋಣ ಅಂದ್ರು. ಸೊಂಟನೋವು ಹೋಗುತ್ತೆ ಅಂತ ಮಾತು ಕೊಡಲ್ಲ ಅಂತಾನೂ ಅಂದ್ರು. ಅದಕ್ಕೇ ಅವರನ್ನೇ ಇಟ್ಕೊಂಡೆ.

ಒಂದು ಡೌಟ್ ಉಳೀತು, ಆಪರೇಷನ್ ಆದ್ರೆ ಕಾರು ಓಡಿಸೋದು ಯಾವಾಗಿಂದ?

ಎಲ್5ಎಸ್1_ಗೆಳೆಯ:
ನನಗೆ ದಿನ ಲೆಕ್ಕ ಹೇಳ್ಲಿಲ್ಲ ಬ್ರೋ. ನಿದ್ದೆ ಬರಿಸೋ ಮಾತ್ರೆ ನಿಂತಿರ್ಬೇಕು, ತಿರುಗಿ ಹಿಂದೆ ನೋಡೋಕೆ ಆಗ್ಬೇಕು, ನಿಂತಿರೋ ಗಾಡೀಲಿ ಕೂತು ಬ್ರೇಕ್ ಜೋರಾಗಿ ಒದ್ದು ನೋಡು, ಸೊಂಟ ಅಯ್ಯೋ ಅನ್ನದಿದ್ರೆ ಹೊರಡು ಅಂದ್ರು. ನಿನ್ನದು ಎಡಗಾಲು, ಆಟೋಮ್ಯಾಟಿಕ್ ಗಾಡಿ ಆದ್ರೆ ನಿನ್ನ ಪುಣ್ಯ. ಕ್ಲಚ್ ಇದ್ರೆ ಅದನ್ನೂ ಒದ್ದು ನೋಡು.